ಪತ್ತನಾಜೆಯಿಂದ ದೀಪಾವಳಿಯವರೆಗೆ: ಮನೆಯೊಳಗಿನ ಕಸರತ್ತು ಸೈಕಲ್ಲಿಗೆ ಒದಗುತ್ತದೆಯೇ?

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಕ್ಯಾಲೆಂಡರಿನಲ್ಲಿ ಅದು ಮೇ 24 ಅಥವಾ 25ಕ್ಕೆ ಬೀಳುತ್ತದೆ. ಅಲ್ಲಿಗೆ ಆ ವರ್ಷದ ಕೋಲ, ನೇಮ, ಜಾತ್ರೆಗಳಿಗೆ ತೆರೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ನಿಲ್ಲಿಸುತ್ತವೆ. ಮತ್ತೆ ಕಟ್ಟುವುದು ದೀಪಾವಳಿಯ ಆಚೆ ಈಚೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವವರಿಗೂ ಹೆಚ್ಚುಕಡಿಮೆ ಇದೇ ಪಂಚಾಂಗ. ಮೇ ತಿಂಗಳವರೆಗೆ ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಉಜಿರೆ ಮುಟ್ಟಿ ಬರುತ್ತಿದ್ದವರ ಸೈಕಲ್ಲು ಜೂನ್ ಎರಡನೆಯ ವಾರಕ್ಕೆ ಜಗಲಿಯ ಗೋಡೆಗೆ ಒರಗುತ್ತದೆ. ಅಕ್ಟೋಬರಿನಲ್ಲಿ ಅದನ್ನು ಒರೆಸಿ, ಚೈನಿಗೆ ಎಣ್ಣೆ ಬಿಟ್ಟು ಹೊರಟರೆ ಸಿದ್ಧಕಟ್ಟೆಯ ಸಣ್ಣ ಏರಿನಲ್ಲೇ ಉಸಿರು ಮೇಲೆ ಕೆಳಗೆ.

ಈ ನಾಲ್ಕು ತಿಂಗಳು ಮನೆಯೊಳಗೆ ಮಾಡುವ ವ್ಯಾಯಾಮ ಸೈಕಲ್ ತುಳಿಯುವ ಕಸುವನ್ನು ಉಳಿಸುತ್ತದೆಯೇ, ಬೆಳೆಸುತ್ತದೆಯೇ ಎಂಬುದು ಈ ಬರಹದ ಪ್ರಶ್ನೆ. ಯುರೋಪು, ಅಮೆರಿಕದವರು ಇದೇ ಪ್ರಶ್ನೆಯನ್ನು ಚಳಿಗಾಲದ ಬಗ್ಗೆ ಕೇಳಿಕೊಂಡು ಐವತ್ತು ವರ್ಷಗಳಿಂದ ಪ್ರಯೋಗ ಮಾಡುತ್ತಿದ್ದಾರೆ. ಅಲ್ಲಿ ಹಿಮ, ಕತ್ತಲೆ. ನಮ್ಮಲ್ಲಿ ಡಿಸೆಂಬರ್, ಜನವರಿಯೇ ಸವಾರಿಗೆ ಹೇಳಿ ಮಾಡಿಸಿದ ತಿಂಗಳು. ಬಾಗಿಲು ಮುಚ್ಚುವುದು ಮಳೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರಾಜ್ಯಕ್ಕೆ ರಾಷ್ಟ್ರಮಟ್ಟದ ಸೈಕಲ್ ಪದಕಗಳನ್ನು ತರುತ್ತಿರುವ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರ ನೆಲದಲ್ಲಿ ಇಡೀ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಅಲ್ಲಿನ ರಸ್ತೆ ವರ್ಷದ ಹೆಚ್ಚಿನ ದಿನ ತೆರೆದೇ ಇರುತ್ತದೆ. ಆ ಸೀಮೆಯ ಹಿರಿಮೆಗೆ ಅಲ್ಲಿನ ಸೈಕಲ್ ಸಂಸ್ಕೃತಿ, ತರಬೇತಿಯ ಪರಂಪರೆ ಎಲ್ಲ ಕಾರಣವೇ. ಒಣ ರಸ್ತೆಯೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಸುಮ್ಮನೆ ಕುಳಿತರೆ ಎಷ್ಟು ನಷ್ಟ ಎಂಬುದರಿಂದ ಹೊರಡೋಣ. 1984ರಲ್ಲಿ ವ್ಯಾಯಾಮ ವಿಜ್ಞಾನಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಏಳು ಮಂದಿ ಓಟಗಾರರು, ಸೈಕಲ್ ಸವಾರರನ್ನು 84 ದಿನ ಅಭ್ಯಾಸ ಬಿಡಿಸಿ ಅಳೆದರು. ದೇಹ ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ, ವ್ಯಾಯಾಮ ವಿಜ್ಞಾನದವರು ವಿಒ2 ಮ್ಯಾಕ್ಸ್ ಎನ್ನುವುದು, ಮೊದಲ 21 ದಿನಗಳಲ್ಲಿ ಶೇ 7ರಷ್ಟು ಇಳಿಯಿತು. 56 ದಿನಗಳ ಹೊತ್ತಿಗೆ ಶೇ 16ರಷ್ಟು ಇಳಿದು ಅಲ್ಲಿ ನಿಂತಿತು. ಮೊದಲು ಕುಸಿಯುವುದು ರಕ್ತದ ಪ್ರಮಾಣ ಮತ್ತು ಹೃದಯ ಒಂದು ಬಡಿತಕ್ಕೆ ತಳ್ಳುವ ರಕ್ತ. ಸ್ನಾಯುಗಳ ಒಳಗೆ ಆಮ್ಲಜನಕವನ್ನು ಶಕ್ತಿಯಾಗಿಸುವ ಕಿಣ್ವಗಳು ಆಮೇಲೆ ನಿಧಾನವಾಗಿ ತಗ್ಗುತ್ತವೆ. ಹಾಗೆ ತಗ್ಗಿದರೂ ಆ ಏಳು ಮಂದಿಯ ಸ್ನಾಯುಗಳು ಎಂದೂ ಅಭ್ಯಾಸ ಮಾಡದವರ ಸ್ನಾಯುಗಳಿಗಿಂತ ಮೇಲೆಯೇ ಉಳಿದವು. ವರ್ಷಗಟ್ಟಲೆ ತುಳಿದದ್ದು ತುಳುವರ ಒಂದು ಆಟಿ ತಿಂಗಳ ಮಳೆಗೆ ತೊಳೆದು ಹೋಗುವುದಿಲ್ಲ ಎಂಬ ಸಮಾಧಾನವನ್ನು ಇದರಿಂದ ಪಡೆಯಬಹುದು. ಆದರೆ ಸೈಕಲ್ಲು ಗೋಡೆಗೆ ಒರಗಿದ ಮೂರು ವಾರಕ್ಕೇ, ಜುಲೈ ಶುರುವಾಗುವ ಹೊತ್ತಿಗೇ, ಇಳಿತ ಶುರುವಾಗಿರುತ್ತದೆ ಎಂಬುದೂ ಅಷ್ಟೇ ನಿಜ.

ಇದಕ್ಕೆ ಮದ್ದು ಏನು ಎಂಬುದರ ಬಗ್ಗೆ ನನಗೆ ಅತ್ಯಂತ ಬೆಲೆಬಾಳುವಂತೆ ಕಾಣುವುದು ಷಿಕಾಗೊದಲ್ಲಿದ್ದ ರಾಬರ್ಟ್ ಹಿಕ್ಸನ್ 1980ರ ದಶಕದ ಮೊದಲಲ್ಲಿ ಮಾಡಿದ ಮೂರು ಪ್ರಯೋಗಗಳು. ಜನರನ್ನು ಹತ್ತು ವಾರ, ವಾರಕ್ಕೆ ಆರು ದಿನ, ದಿನಕ್ಕೆ 40 ನಿಮಿಷ ಸೈಕಲ್ ಮತ್ತು ಓಟದಲ್ಲಿ ಚೆನ್ನಾಗಿ ದುಡಿಸಿದರು. ಬಳಿಕ 15 ವಾರ ಅಭ್ಯಾಸವನ್ನು ಬೇರೆ ಬೇರೆ ರೀತಿಯಲ್ಲಿ ಕಡಿಮೆ ಮಾಡಿದರು. ಹದಿನೈದು ವಾರ ಎಂದರೆ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ, ಲೆಕ್ಕ ಹಾಕಿದಂತೆ ನಮ್ಮ ಮಳೆಗಾಲ. ಮೊದಲ ಪ್ರಯೋಗದಲ್ಲಿ ಆರು ದಿನವನ್ನು ನಾಲ್ಕಕ್ಕೆ, ಎರಡಕ್ಕೆ ಇಳಿಸಿದರು; ಆಮ್ಲಜನಕದ ಅಳತೆ ಕುಗ್ಗಲಿಲ್ಲ. ಎರಡನೆಯದರಲ್ಲಿ ದಿನಗಳನ್ನು ಹಾಗೇ ಇಟ್ಟು 40 ನಿಮಿಷವನ್ನು 26ಕ್ಕೆ, 13ಕ್ಕೆ ಇಳಿಸಿದರು. ಆಗಲೂ ಅದು ಕುಗ್ಗಲಿಲ್ಲ. ಹದಿಮೂರು ನಿಮಿಷದವರಿಗೆ ಬಹಳ ಹೊತ್ತು ತುಳಿಯುವ ತಾಳಿಕೆ ಮಾತ್ರ ತಗ್ಗಿತು. ಮೂರನೆಯದರಲ್ಲಿ ದಿನ, ಹೊತ್ತು ಎರಡನ್ನೂ ಮುಟ್ಟದೆ ಶ್ರಮದ ತೀವ್ರತೆಯನ್ನು ಮೂರರಲ್ಲೊಂದು ಪಾಲು, ಮೂರರಲ್ಲೆರಡು ಪಾಲು ತಗ್ಗಿಸಿದರು. ಗಳಿಸಿದ್ದು ಜಾರಿತು.

ಮಳೆಗಾಲದ ಇಡೀ ಲೆಕ್ಕಾಚಾರ ಇಲ್ಲಿದೆ. ದಿನಗಳನ್ನು ಬಿಡಬಹುದು, ನಿಮಿಷಗಳನ್ನು ಕತ್ತರಿಸಬಹುದು, ಬಿರುಸನ್ನು ಬಿಡುವಂತಿಲ್ಲ. ನಮ್ಮಲ್ಲಿ ಬಹುಮಂದಿ ಮಾಡುವುದು ಇದರ ತಿರುಗುಮುರುಗು: ಮಳೆ ನೋಡುತ್ತ ಅರ್ಧ ಗಂಟೆ ಮೈ ಸಡಿಲಿಸಿಕೊಂಡು, ದಿನವೂ ಏನೋ ಮಾಡಿದೆ ಎಂಬ ನೆಮ್ಮದಿಯಲ್ಲಿ ಇರುವುದು. ಮೇಳ ನಿಂತ ತಿಂಗಳುಗಳಲ್ಲಿ ನಮ್ಮ ಕಲಾವಿದರು ಚಿಕ್ಕಮೇಳ ಕಟ್ಟಿ ಮನೆ ಮನೆಗೆ ಹೋಗುತ್ತಾರಲ್ಲ, ಅದನ್ನು ನೋಡಿದವರಿಗೆ ಹಿಕ್ಸನ್ ಹೇಳಿದ್ದು ತಟ್ಟನೆ ಅರ್ಥವಾದೀತು. ಚಾವಡಿಯಲ್ಲಿ ನಡೆಯುವ ಆ ಕುಣಿತ ಕೆಲವೇ ನಿಮಿಷದ್ದು. ಆದರೆ ವೇಷ ಪೂರ್ತಿ, ಚೆಂಡೆ ಮದ್ದಳೆ ಪೂರ್ತಿ, ಹೆಜ್ಜೆಯ ಬಿರುಸೂ ಪೂರ್ತಿ.

ಹಾಗಾದರೆ ಮೊಬೈಲಿನಲ್ಲಿ ನೋಡಿ ಮಾಡುವ ಮನೆ ವ್ಯಾಯಾಮಗಳು? ತೊಂಬತ್ತು ದಿನದ್ದು, ಮೂವತ್ತು ದಿನದ್ದು, ಏಳು ನಿಮಿಷದ್ದು ಎಂದು ಇವು ನೂರಾರು ಇವೆ. ಜಿಗಿತ, ಕುಕ್ಕರಗಾಲು, ದಂಡ, ಮತ್ತೆ ಜಿಗಿತ. ಇವುಗಳಲ್ಲಿ ಹಲವಕ್ಕೆ ತಬಾಟಾ ಎಂಬ ಹೆಸರಿನ ಮುದ್ರೆ ಇರುತ್ತದೆ. 1996ರಲ್ಲಿ ಪ್ರಕಟವಾದ ಜಪಾನಿನ ಇಝುಮಿ ತಬಾಟಾ ಅವರ ಮೂಲ ಪ್ರಯೋಗದಲ್ಲಿ 20 ಸೆಕೆಂಡು ಪ್ರಾಣ ಪಣಕ್ಕಿಟ್ಟಂತೆ ದುಡಿದು 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸುತ್ತು. ಆರು ವಾರಕ್ಕೆ ಆಮ್ಲಜನಕ ಬಳಸುವ ಶಕ್ತಿಯೂ ಏರಿತು, ಆಮ್ಲಜನಕ ಸಾಲದಾಗ ದುಡಿಯುವ ಶಕ್ತಿ ಶೇ 28ರಷ್ಟು ಏರಿತು. ಜಾಹೀರಾತುಗಳು ಹೇಳದ ಸಂಗತಿಯೆಂದರೆ ಅವರೆಲ್ಲ ಅದನ್ನು ಮಾಡಿದ್ದು ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ. ನೆಲದ ಮೇಲೆ ಜಿಗಿದು ಅದೇ ಫಲ ಸೈಕಲ್ಲಿಗೆ ಬರುತ್ತದೆ ಎಂಬುದಕ್ಕೆ ಆ ಪ್ರಯೋಗ ಸಾಕ್ಷಿಯಾಗುವುದಿಲ್ಲ.

ಯಾಕೆ ಬರುವುದಿಲ್ಲ? ವ್ಯಾಯಾಮ ವಿಜ್ಞಾನಿ ಬೆಂಗ್ಟ್ ಸಾಲ್ಟಿನ್ 1976ರಲ್ಲಿ ಜನರಿಗೆ ಒಂದೇ ಕಾಲಿನಿಂದ ಸೈಕಲ್ ತುಳಿಸಿ ಅಭ್ಯಾಸ ಮಾಡಿಸಿದರು. ತುಳಿದ ಕಾಲು ಬಲಿಯಿತು. ಅದೇ ದೇಹದ, ಅದೇ ಹೃದಯದ ರಕ್ತ ಕುಡಿಯುತ್ತಿದ್ದ ಇನ್ನೊಂದು ಕಾಲಿಗೆ ಸಿಕ್ಕಿದ್ದು ಅಲ್ಪ. ಪಳಗುವಿಕೆಯಲ್ಲಿ ಹೃದಯದ ಪಾಲು ಒಂದಾದರೆ ಆಯಾ ಕೆಲಸ ಮಾಡಿದ ಸ್ನಾಯುವಿನ ಪಾಲು ಇನ್ನೊಂದು. ಜಿಗಿತದ ವ್ಯಾಯಾಮ ಎದೆಬಡಿತವನ್ನು ಏರಿಸಿ ಮೊದಲ ಪಾಲನ್ನು ಕೊಡಬಹುದು. ಬಾಗಿ ಕುಳಿತು, ನಿಮಿಷಕ್ಕೆ ಎಂಬತ್ತು ತೊಂಬತ್ತು ಸುತ್ತಿನಂತೆ ತಾಸುಗಟ್ಟಲೆ ಪೆಡಲ್ ತಿರುಗಿಸುವ ತೊಡೆಗೆ ಬೇಕಾದ ಎರಡನೆಯ ಪಾಲು ಪೆಡಲಿನಿಂದಲೇ ಬರಬೇಕು. ಹೊಸಬರ ವಿಷಯ ಬೇರೆ. ಈವರೆಗೆ ಏನೂ ಮಾಡದೆ ಕುಳಿತಿದ್ದವರಿಗೆ ಯಾವ ಶ್ರಮವಾದರೂ ಒಳ್ಳೆಯದೇ, ಅದರಿಂದ ಸೈಕಲ್ ಸವಾರಿಯೂ ಹಗುರವಾಗುತ್ತದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮದ ಅಭ್ಯಾಸವಿಲ್ಲದ ಮಹಿಳೆಯರು ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಸಲ 20 ಸೆಕೆಂಡು ಮೆಟ್ಟಿಲನ್ನು ಬಿರುಸಾಗಿ ಏರಿದರು. ಆರು ವಾರಕ್ಕೆ ಅವರ ಹೃದಯ ಮತ್ತು ಶ್ವಾಸದ ಶಕ್ತಿ ಶೇ 12ರಷ್ಟು ಹೆಚ್ಚಿತು. ಟೆರೇಸಿಗೆ ಮೆಟ್ಟಿಲಿರುವ ಎಲ್ಲ ಮನೆಗಳಿಗೂ ಇದು ಒಪ್ಪುವ ಮಾತು; ಮೇಲೆ ಶೀಟು ಹೊದಿಸಿದ್ದರೆ ಮಳೆಯ ಕಾಟವೂ ಇಲ್ಲ. ಹೊರಗಿನ ಮೆಟ್ಟಿಲು ಬೇಡ. ಸುಮಾರು 1800 ಮೆಟ್ಟಿಲುಗಳ ಗಡಾಯಿಕಲ್ಲು ಬೇಸಿಗೆಯಲ್ಲಿ ಕಾಲಿಗೆ ಒಳ್ಳೆಯ ಪರೀಕ್ಷೆಯೇ, ಪಾಚಿ ಕಟ್ಟಿದ ಜುಲೈಯಲ್ಲಿ ಅದರ ಹತ್ತಿರ ಸುಳಿಯಬಾರದು.

ಮನೆಯೊಳಗಿನ ಕಸರತ್ತಿನಲ್ಲಿ ಪಳಗಿದ ಸವಾರರಿಗೂ ನಿಜವಾಗಿ ಹೊಸದನ್ನು ಕೊಡುವಂಥದು ಒಂದಿದೆ: ಭಾರದ ವ್ಯಾಯಾಮ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಸಾಕ್ಷ್ಯ ಎರಡೂ ಕಡೆಗೆ ಎಳೆಯುತ್ತದೆ. ಹಿಕ್ಸನ್ ಅವರೇ 1988ರಲ್ಲಿ ಎಂಟು ಮಂದಿಗೆ ಹತ್ತು ವಾರ, ವಾರಕ್ಕೆ ಮೂರು ದಿನ ಕಾಲಿನ ಭಾರದ ವ್ಯಾಯಾಮ ಸೇರಿಸಿದಾಗ ಆಮ್ಲಜನಕದ ಅಳತೆ ಕದಲಲಿಲ್ಲ. ಆದರೆ ಶೇ 80ರ ಶ್ರಮದಲ್ಲಿ ಸೋಲುವವರೆಗೆ ತುಳಿಯುವ ಹೊತ್ತು 71 ನಿಮಿಷದಿಂದ 85ಕ್ಕೆ ಏರಿತು. 1999ರಲ್ಲಿ ಡೇವಿಡ್ ಬಿಷಪ್ ಮತ್ತು ಸಂಗಡಿಗರು 21 ಮಂದಿ ಸೈಕಲ್ ಓಟದ ಮಹಿಳೆಯರಲ್ಲಿ ನೋಡಿದಾಗ ಹನ್ನೆರಡು ವಾರದ ಭಾರದ ಬಸ್ಕಿಯಿಂದ ಕಾಲಿನ ಬಲ ಬಹಳ ಹೆಚ್ಚಿದರೂ ಒಂದು ಗಂಟೆಯ ಪರೀಕ್ಷೆಯಲ್ಲಿ ಸವಾರಿಯ ಕಸುವು ಹೆಚ್ಚಲಿಲ್ಲ. ಆಮೇಲೆ ನಾರ್ವೆಯ ಬೆಂಟ್ ರೊನ್ನೆಸ್ಟಾಡ್ ಅವರ ತಂಡ 2010ರ ಸುಮಾರಿಗೆ ಪ್ರಕಟಿಸಿದ ಅಧ್ಯಯನಗಳು ತಕ್ಕಡಿಯನ್ನು ಮತ್ತೆ ಇತ್ತ ಬಾಗಿಸಿದವು. ಪಳಗಿದ ಸವಾರರು ಹನ್ನೆರಡು ವಾರ, ವಾರಕ್ಕೆ ಎರಡು ದಿನ, ನಾಲ್ಕರಿಂದ ಹತ್ತು ಸಲಕ್ಕಿಂತ ಹೆಚ್ಚು ಎತ್ತಲಾಗದಷ್ಟು ಭಾರದಲ್ಲಿ ಕಾಲಿನ ವ್ಯಾಯಾಮ ಮಾಡಿದರು. ಮೂರು ತಾಸಿಗೂ ಮಿಕ್ಕಿ ತುಳಿದು ದಣಿದ ಮೇಲೆ ಐದು ನಿಮಿಷ ಪೂರ್ತಿ ಬಲ ಹಾಕಿಸಿದಾಗ ಅವರ ಕಸುವು ಮೊದಲಿಗಿಂತ ಹೆಚ್ಚಾಗಿತ್ತು. ಋತು ಶುರುವಾದ ಮೇಲೆ ವಾರಕ್ಕೆ ಒಂದೇ ದಿನ ಮಾಡಿಯೂ ಆ ಲಾಭ 13 ವಾರ ಉಳಿಯಿತು. ಕಾರಣವನ್ನು ಹೀಗೆ ಹೇಳಬಹುದು: ಕಾಲಿನ ಪರಮಾವಧಿ ಬಲ ಹೆಚ್ಚಿದರೆ ಪ್ರತಿ ತುಳಿತಕ್ಕೆ ಬೇಕಾಗುವ ಬಲ ಅದರ ಸಣ್ಣ ಪಾಲಾಗುತ್ತದೆ, ನಿಧಾನವಾಗಿ ದಣಿಯುವ ಎಳೆಗಳೇ ಹೆಚ್ಚು ಹೊತ್ತು ಕೆಲಸ ನಿಭಾಯಿಸುತ್ತವೆ. ಉಜಿರೆಯಿಂದ ಹೊರಟು ಚಾರ್ಮಾಡಿ ಘಾಟಿಯ ಕೊನೆಯ ತಿರುವುಗಳಿಗೆ ಬಂದಾಗ, ಬ್ರೆವೆ ಎಂಬ 200 ಕಿಲೋಮೀಟರಿನ ದೂರ ಸವಾರಿಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಲು ಹೊರಟವರ ಕೊನೆಯ ನಲವತ್ತು ಕಿಲೋಮೀಟರಿನಲ್ಲಿ, ಒದಗುವುದು ಇದೇ.

ನಮ್ಮ ಊರುಗಳ ವ್ಯಾಯಾಮ ಶಾಲೆಗಳಲ್ಲಿ ನೂರು ಇನ್ನೂರು ಬಸ್ಕಿ ಹೊಡೆಯುವ ಹಳೆಯ ಅಭ್ಯಾಸದ ಬಗ್ಗೆ ನನಗೆ ಗೌರವವಿದೆ. ಆದರೆ ಇಲ್ಲಿ ಹೇಳುತ್ತಿರುವ ಲಾಭ ಅದರಿಂದ ಬರುವುದಿಲ್ಲ. ನೂರು ಸಲ ಮಾಡಬಲ್ಲದ್ದು ಭಾರವೇ ಅಲ್ಲ. ಮನೆಯಲ್ಲಿ ಕಬ್ಬಿಣದ ತಟ್ಟೆಗಳಿಲ್ಲದವರು ಒಂಟಿ ಕಾಲಿಗೆ ಇಳಿಯಬೇಕು: ಮೊಣಕಾಲೆತ್ತರದ ಗಟ್ಟಿ ಕಟ್ಟೆ, ಬೆನ್ನಚೀಲದಲ್ಲಿ ಹತ್ತು ಹದಿನೈದು ಕಿಲೋ ಅಕ್ಕಿ, ಒಂದೊಂದೇ ಕಾಲಿನಲ್ಲಿ ಏರುವುದು, ಮೆಲ್ಲಗೆ ಇಳಿಯುವುದು. ಇಪ್ಪತ್ತು ಲೀಟರಿನ ನೀರಿನ ಕ್ಯಾನನ್ನು ಎದೆಗೆ ಅಪ್ಪಿ ಬಸ್ಕಿ ಮಾಡಬಹುದು. ಎಂಟು ಹತ್ತು ಸಲಕ್ಕೆ ಸಾಕಪ್ಪ ಎನಿಸಬೇಕು, ಅದು ಅಳತೆ. ಭಾರವನ್ನು ವಾರದಿಂದ ವಾರಕ್ಕೆ ಏರಿಸಬೇಕು. ಮೊಣಕಾಲು, ಸೊಂಟದ ತೊಂದರೆ ಇರುವವರು, ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು ಮೊದಲು ವೈದ್ಯರನ್ನು ಕಾಣಬೇಕು. ವಯಸ್ಸಾದವರಿಗೆ ಭಾರದ ವ್ಯಾಯಾಮದಿಂದ ಇನ್ನೂ ಒಂದು ಲಾಭ ಇದೆ. ಸೈಕಲ್ ತುಳಿತದಲ್ಲಿ ಮೈಭಾರ ಸೀಟಿನ ಮೇಲೆ ಇರುವುದರಿಂದ ಮೂಳೆಗಳಿಗೆ ಗುದ್ದು ಬೀಳುವುದಿಲ್ಲ. ಸೈಕಲ್ ಒಂದನ್ನೇ ನೆಚ್ಚಿಕೊಂಡವರ ಮೂಳೆ ಸಾಂದ್ರತೆ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎಂಟು ತಿಂಗಳು ಸವಾರಿಯಲ್ಲಿ ಕಳೆದವರು ನಾಲ್ಕು ತಿಂಗಳು ಭಾರ ಹೊರುವುದು ಆ ಕೊರತೆಗೆ ಒಳ್ಳೆಯ ಪರಿಹಾರ.

ತೋಟದ ಕೆಲಸ ಸಾಲದೇ ಎಂದು ಬೆಳ್ತಂಗಡಿ ಕಡೆಯ ಕೃಷಿಕರು ಕೇಳುವುದುಂಟು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು, ಸೊಪ್ಪು ಗೊಬ್ಬರ ಹೊರುವುದು ಕಡಿಮೆ ಶ್ರಮವಲ್ಲ. ಅದು ಮೈಯನ್ನು ಗಟ್ಟಿಯಾಗಿಡುತ್ತದೆ. ಹೃದಯವನ್ನು ತುತ್ತತುದಿಗೆ ಒಯ್ಯುವ ನಿಮಿಷಗಳು ಮಾತ್ರ ಅದರಲ್ಲಿ ಕಡಿಮೆ, ಹಿಕ್ಸನ್ ಪ್ರಯೋಗ ಹೇಳುವಂತೆ ಗಳಿಸಿದ್ದು ಉಳಿಯುವುದು ಆ ನಿಮಿಷಗಳಿಂದಲೇ. ಯೋಗದ ಬಗ್ಗೆಯೂ ಇದನ್ನೇ ಹೇಳಬೇಕು. ಬೇಗ ಬೇಗ ಮಾಡುವ ಸೂರ್ಯನಮಸ್ಕಾರ ಎದೆಬಡಿತವನ್ನು ಚೆನ್ನಾಗಿಯೇ ಏರಿಸುತ್ತದೆ. ಬಾಗಿ ಕುಳಿತು ಬಿಗಿದ ಬೆನ್ನು, ಹಿಂದೊಡೆ, ಕುತ್ತಿಗೆಗಳಿಗೆ ಆಸನಗಳಷ್ಟು ಹಿತವಾದದ್ದು ಬೇರೆ ಇಲ್ಲ. ಪೆಡಲಿನ ಜಾಗವನ್ನು ಅವು ತುಂಬಲಾರವು.

ಪೆಡಲನ್ನೇ ಮನೆಯೊಳಗೆ ತರುವ ದಾರಿ ಟ್ರೈನರ್. ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ ಉರುಳೆಯ ಮೇಲೆ ತಿರುಗಿಸುವ ಸಾದಾ ಟ್ರೈನರಿಗೆ ಕರೆಂಟು ಬೇಕಿಲ್ಲ. ಪರದೆಯ ಮೇಲೆ ಬೇರೆ ದೇಶದ ರಸ್ತೆ ತೋರಿಸಿ, ಏರು ಬಂದಾಗ ತಾನೇ ಬಿಗಿಯಾಗುವ ದುಬಾರಿ ಸ್ಮಾರ್ಟ್ ಟ್ರೈನರುಗಳಿಗೆ ಕರೆಂಟೂ ಬೇಕು, ನೆಟ್ಟೂ ಬೇಕು. ಗಾಳಿಮಳೆಗೆ ತಂತಿಯ ಮೇಲೆ ಕೊಂಬೆ ಬಿದ್ದ ದಿನ ಅವು ಎರಡೂ ಇರುವುದಿಲ್ಲ. ನಮ್ಮ ಹಳ್ಳಿಗಳಿಗೆ ಸಾದಾದ್ದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ರೈನರಿನ ಮೇಲೆ ನಮ್ಮವರಿಗೆ ಎದುರಾಗುವ ತೊಂದರೆಯೊಂದನ್ನು ಚಳಿದೇಶದ ಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ. ಆಟಿ ತಿಂಗಳ ಗಾಳಿಯಲ್ಲಿ ತೇವ ತುಂಬಿರುತ್ತದೆ. ರಸ್ತೆಯಲ್ಲಾದರೆ ಓಡುವ ವೇಗವೇ ಗಾಳಿ ಬೀಸುತ್ತದೆ. ಕೋಣೆಯೊಳಗೆ ಬೆವರು ಆರದೆ ನೆಲಕ್ಕೆ ತೊಟ್ಟಿಕ್ಕುತ್ತದೆ, ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಒಳಮೈಯ ಬಿಸಿ ಏರುತ್ತದೆ, ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಅಷ್ಟೇ ತುಳಿತಕ್ಕೆ ಹೃದಯ ಹೆಚ್ಚು ಬಡಿಯುತ್ತದೆ. ಕೈಗಡಿಯಾರದಲ್ಲಿ ಎದೆಬಡಿತ 170 ಕಂಡು ಇವತ್ತು ಚೆನ್ನಾಗಿ ದುಡಿದೆ ಎಂದುಕೊಂಡರೆ ಅದರಲ್ಲಿ ಒಂದು ಪಾಲು ಬರೀ ಸೆಕೆ. ಕಿಟಕಿ ತೆರೆದು, ಚಾವಡಿಯಲ್ಲೋ ಜಗಲಿಯಲ್ಲೋ ಟ್ರೈನರ್ ಇಟ್ಟು, ಎದುರಿಗೆ ದೊಡ್ಡ ಫ್ಯಾನ್ ಹಾಕಿಕೊಳ್ಳಬೇಕು. ನೀರಿನ ಜೊತೆ ಉಪ್ಪು, ಲಿಂಬೆ, ಸ್ವಲ್ಪ ಸಕ್ಕರೆ ಇರಲಿ. ತಾಸುಗಟ್ಟಲೆ ತುಳಿಯಲು ಹೋಗದೆ ನಲವತ್ತು ನಿಮಿಷದೊಳಗೆ ಮುಗಿಸುವುದು ಇಲ್ಲಿನ ಹವೆಗೆ ಹೊಂದುತ್ತದೆ: ಹತ್ತು ನಿಮಿಷ ಮೈ ಕಾಯಿಸಿ, ಮಾತಾಡಲಾಗದಷ್ಟು ಬಿರುಸಿನಲ್ಲಿ ನಾಲ್ಕು ನಿಮಿಷ, ಮೂರು ನಿಮಿಷ ಸಡಿಲ, ಹೀಗೆ ಮೂರು ನಾಲ್ಕು ಸಲ.

ಇನ್ನು ರಸ್ತೆ. ನೇತ್ರಾವತಿಯ ಅಪಾಯದ ಮಟ್ಟ ಬಂಟ್ವಾಳದಲ್ಲಿ 8.5 ಮೀಟರ್. ನೀರು ಅದರ ಹತ್ತಿರ ಬಂದ ದಿನ ಪಾಣೆಮಂಗಳೂರು ಕಡೆಯ ತಗ್ಗುಗಳಲ್ಲಿ ಸೈಕಲ್ ಮಾತೇ ಇಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಸಾಲುಸಾಲಾಗಿ ಗುಡ್ಡ ಜರಿದು ಸಂಚಾರವೇ ನಿಂತಿದ್ದು ಎಲ್ಲರಿಗೂ ನೆನಪಿದೆ. ಆದರೆ ಮಳೆ ನಾಲ್ಕು ತಿಂಗಳು ಒಂದೇ ಸಮನೆ ಸುರಿಯುವುದಿಲ್ಲ. ಎರಡು ದಿನ ಹೊಯ್ದು ಒಂದು ಬೆಳಿಗ್ಗೆ ಹೊಳವಾಗುತ್ತದೆ. ಹಿಮದ ನಾಡಿನವರಿಗೆ ಇಲ್ಲದ ಸೌಭಾಗ್ಯ ಇದು. ಟ್ರೈನರ್ ಆಗಲಿ ಭಾರವಾಗಲಿ ಪೂರ್ತಿಯಾಗಿ ಕೊಡಲಾರದ ದೀರ್ಘ ತಾಳಿಕೆ, ಹಿಕ್ಸನ್ ಪ್ರಯೋಗದ ಹದಿಮೂರು ನಿಮಿಷದವರು ಕಳೆದುಕೊಂಡದ್ದು, ಉಳಿಯಬೇಕಾದರೆ ವಾರಕ್ಕೊಂದು ಹೊಳವನ್ನು ಹಿಡಿದು ಎರಡು ತಾಸು ಹೊರಗೆ ತುಳಿಯಬೇಕು. ಅದಕ್ಕೆ ಹೆದ್ದಾರಿ ಬೇಡ. ಲಾರಿಗಳು ಎರಚುವ ಕೆಸರಿನಲ್ಲಿ ಸೈಕಲ್ ಕಾಣುವುದೇ ಇಲ್ಲ. ವೇಣೂರು, ಪೊಳಲಿ, ಸಿದ್ಧಕಟ್ಟೆ ಕಡೆಯ ಒಳರಸ್ತೆಗಳಿವೆ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯಲಿ, ಟೈರಿನ ಗಾಳಿ ತುಸು ಕಡಿಮೆ ಇರಲಿ, ನೀರು ನಿಂತ ಹೊಂಡದ ಆಳವನ್ನು ಸೈಕಲ್ಲಿನಿಂದ ಅಳೆಯಲು ಹೋಗಬೇಡಿ. ರಿಮ್ ಹಿಡಿಯುವ ಬ್ರೇಕುಗಳು ಒದ್ದೆಯಾದಾಗ ತಡವಾಗಿ ಕಚ್ಚುತ್ತವೆ, ಇಳಿಜಾರಿನಲ್ಲಿ ಮೊದಲೇ ಒತ್ತಬೇಕು.

ಇಷ್ಟನ್ನೂ ತೂಗಿ ನಾನು ತಲುಪಿದ ತೀರ್ಮಾನ ಹೀಗಿದೆ. ಬರೀ ನೆಲದ ಮೇಲಿನ ಕಸರತ್ತು, ಎಷ್ಟೇ ಬೆವರು ಹರಿಸಿದರೂ, ಪಳಗಿದ ಸವಾರರ ಸೈಕಲ್ ಕಸುವನ್ನು ಹೆಚ್ಚಿಸುವುದಿಲ್ಲ, ಹೊಸಬರಿಗೆ ನೆರವಾಗುತ್ತದೆ. ವಾರಕ್ಕೆ ಎರಡು ದಿನ ಬಿರುಸಿನ ಟ್ರೈನರ್ ಅಥವಾ ಅದಿಲ್ಲದವರಿಗೆ ಮೆಟ್ಟಿಲು, ಎರಡು ದಿನ ನಿಜವಾದ ಭಾರ, ಒಂದು ಹೊಳವಿನ ಸವಾರಿ, ಇಷ್ಟಾದರೆ ಗಳಿಸಿದ್ದರ ಬಹುಪಾಲು ಅಕ್ಟೋಬರಿಗೆ ಕೈಯಲ್ಲಿ ಉಳಿಯುತ್ತದೆ, ಏರಿನ ಬಲ ಹೆಚ್ಚಿಯೂ ಇರಬಹುದು. ಪೆಡಲು, ಭಾರ ಎರಡರಲ್ಲಿ ಒಂದನ್ನೇ ಮಾಡಲು ಬಿಡುವಿರುವವರು ಪೆಡಲನ್ನೇ ಆರಿಸಿಕೊಳ್ಳಲಿ.

ಈ ತೀರ್ಮಾನಕ್ಕೂ ಮಿತಿಯಿದೆ. ಮೇಲೆ ಹೇಳಿದ ಪ್ರಯೋಗಗಳಲ್ಲಿ ಒಂದರಲ್ಲಿ ಏಳು ಮಂದಿ, ಒಂದರಲ್ಲಿ ಎಂಟು, ಇನ್ನೊಂದರಲ್ಲಿ ಇಪ್ಪತ್ತೊಂದು. ನಮ್ಮ ಹವೆ, ನಮ್ಮ ಗಂಜಿ ಊಟ, ನಮ್ಮ ನಡುವಯಸ್ಸಿನ ಸವಾರರು, ಬೆಳಗ್ಗೆ ಬೀಡಿ ಕಟ್ಟಿ ಸಂಜೆ ಸೈಕಲ್ ಕಲಿಯುತ್ತಿರುವ ಹೆಂಗಸರು ಯಾರೂ ಆ ಲೆಕ್ಕದಲ್ಲಿಲ್ಲ. ಮೂಡುಬಿದಿರೆಯಲ್ಲಿ ಆಳ್ವಾಸ್‌ನ ದೈಹಿಕ ಶಿಕ್ಷಣ ಕಾಲೇಜಿದೆ, ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಉಜಿರೆಯಲ್ಲಿ 1989ರಿಂದ ಎಸ್‌ಡಿಎಂ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಕಾಲೇಜಿದೆ. ಮೂವತ್ತು ಸವಾರರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಟ್ರೈನರ್, ಒಂದಕ್ಕೆ ಭಾರ, ಒಂದಕ್ಕೆ ಯೋಗ ಕೊಟ್ಟು, ಪತ್ತನಾಜೆಗೆ ಮೊದಲು ಮತ್ತು ಮಳೆ ಮುಗಿದ ಮೇಲೆ ಒಂದೇ ಏರನ್ನು ಹತ್ತಿಸಿ ಹೊತ್ತು ಬರೆದುಕೊಳ್ಳಲು ದೊಡ್ಡ ಯಂತ್ರಗಳೇನೂ ಬೇಡ. ಒಂದು ಮಳೆಗಾಲ, ಒಂದು ಗಡಿಯಾರ, ನಾಲ್ಕು ಮಂದಿ ವಿದ್ಯಾರ್ಥಿಗಳು ಸಾಕು. ಮುಂದಿನ ಜೂನ್‌ಗೆ ಮುಂಚೆ ಈ ಎರಡು ಸಂಸ್ಥೆಗಳಲ್ಲಿ ಒಂದಾದರೂ ಇದನ್ನು ಕೈಗೆತ್ತಿಕೊಳ್ಳಬೇಕೆಂದು ಈ ಭಾಗದ ಸೈಕಲ್ ಸವಾರರೆಲ್ಲರ ಪರವಾಗಿ ಕೇಳಿಕೊಳ್ಳುತ್ತೇನೆ.